ಪೂಜೆಗೆ ಕುಳಿತ ಪಾನಾ

ಒಂದಾನೊಂದು ಊರಿನಲ್ಲಿ ಒಂದು ಬಿಳಿ ಕುದುರೆ ಇತ್ತು. ಅದಕ್ಕೆ ಕಾಲುಗಳ ಜಾಗದಲ್ಲಿ ಗಾಲಿಗಳಿದ್ದವು. ಹುಲ್ಲು ತಿನ್ನುತ್ತಿರಲಿಲ್ಲ, ಪೆಟ್ರೋಲು ಕುಡಿಯುತ್ತಿತ್ತು. ಬೇಸಿಗೆಯಲ್ಲಿ ಅದರ ಕಿಟಕಿಯ ಗಾಜು ಮೇಲೇರಿದ್ದು ಕೆಳಗಿಳಿಯುತ್ತಿರಲಿಲ್ಲ, ಮಳೆಗಾಲದಲ್ಲಿ ಕೆಳಗಿಳಿದದ್ದು ಮೇಲೇರುತ್ತಿರಲಿಲ್ಲ. ಆ ಊರಿಗೆ ಹುನಗುಂದ ಎಂದು ಹೆಸರು. ಆ ಕುದುರೆಯ ಒಡೆಯನಿಗೆ ವಿಜಯಮಹಾಂತೇಶ ಎಂದು ಹೆಸರು. ಜಗತ್ತಿಗೆ ಆತ ಸರ್ಕಾರಿ ಕಚೇರಿಯೊಂದರ ಗುಮಾಸ್ತ, ನನಗೆ ಕಾಕಾ.

ಕಾಕಾನ ತಾಯಿ, ಅಂದರೆ ನಮ್ಮ ಅಜ್ಜಿ ಶಿವಲಿಂಗವ್ವ ಹೇಳುವ ಕಥೆಗಳಲ್ಲಿ ರಾಜಕುಮಾರ ಕುದುರೆ ಏರುವ ಮೊದಲು ಯಾರಾದರೊಬ್ಬರು ಶಪಥ ಮಾಡಿರಲೇಬೇಕು. ಈ ಕಥೆಯಲ್ಲಿ ಶಪಥ ಮಾಡಿದವಳು ಅಜ್ಜಿಯೇ.

ಅದು ನಾನು ಹುಟ್ಟುವುದಕ್ಕೂ ಹಿಂದಿನ ಮಾತು. ತುಳಸಿಗೇರಿಯ ಹನುಮಪ್ಪನ ಗುಡಿಯಲ್ಲಿ ನೆಂಟರ ಮದುವೆ. ಅಜ್ಜಿಯ ಅಕ್ಕ, ಬಾದಾಮಿಯ ಗುರುಲಿಂಗವ್ವ, ತಮ್ಮ ಮನೆಯ ಜೀಪಿನಲ್ಲಿ ಹೊರಟಿದ್ದಳು. ಆ ಜೀಪಿನಲ್ಲಿ ಹಾರ್ಮೋನಿಯಂ ಪೆಟ್ಟಿಗೆಗೆ ಜಾಗವಿತ್ತು, ಬುಂದಿ ಲಾಡುವಿನ ಬುಟ್ಟಿಗಳಿಗೆ ಜಾಗವಿತ್ತು, ಹಾದಿಯಲ್ಲಿ ಕೈ ಮಾಡಿದ ಯಾವನೋ ಗುರುತಿಲ್ಲದ ಮನುಷ್ಯನಿಗೂ ಜಾಗವಿತ್ತು. ತಂಗಿಗೆ ಮಾತ್ರ, "ಜಾಗಾ ಇಲ್ಲ, ನೀ ಬಸ್ಸಿಗೆ ಬಾ" ಎಂದುಬಿಟ್ಟಳಂತೆ. ಬಸ್ಸಿನಲ್ಲಿ ನಿಂತುಕೊಂಡೇ ಬಂದ ಅಜ್ಜಿ, ಅಕ್ಷತೆ ಬೀಳುವ ಹೊತ್ತಿಗೆ ಸರಿಯಾಗಿ ಮಂಟಪದೊಳಗೆ ಕಾಲಿಟ್ಟು, ವಾದ್ಯದ ಸಪ್ಪಳಕ್ಕಿಂತ ಗಟ್ಟಿಯಾಗಿ ಹೇಳಿದಳು.

"ಸ್ವಂತ ಗಾಡ್ಯಾಗ ಬಂದು ನಿನ್ನ ಬಾಗಲದಾಗ ಇಳೀತೇನಿ. ಅಲ್ಲೀತನಕಾ ನಿನ್ನ ಹೊಸ್ತಲಾ ತುಳಿಯೂದಿಲ್ಲ."

ಆಮೇಲೆ ಜೀಪು ಗುಜರಿಗೆ ಹೋಯಿತು, ಹಾರ್ಮೋನಿಯಂ ಪೆಟ್ಟಿಗೆಯಲ್ಲಿ ಇಲಿ ಮರಿ ಹಾಕಿತು, ಆ ಮದುವೆಯಲ್ಲಿ ಮದುಮಕ್ಕಳಾಗಿದ್ದವರು ತಾವೇ ಬೀಗರಾದರು. ಅಕ್ಕತಂಗಿಯರ ನಡುವೆ ಮಾತು ಹುಟ್ಟಲಿಲ್ಲ.

ಈ ವರ್ಷ ಗುರುಲಿಂಗವ್ವನ ಮೊಮ್ಮಗಳು ರಾಜಶ್ರೀ ಮತ್ತು ನಾನು ಸೇರಿ ಒಂದು ಸಂಚು ಮಾಡಿದೆವು. ಅವಳು ಬಾದಾಮಿಯಲ್ಲಿ ತನ್ನ ಅಜ್ಜಿಯ ಕಿವಿಗೆ ಫೋನು ಹಿಡಿದಳು, ನಾನು ಹುನಗುಂದದಲ್ಲಿ ನನ್ನ ಅಜ್ಜಿಯ ಕಿವಿಗೆ. ಆ ಕಡೆಯಿಂದ, ತುಳಸಿಗೇರಿಯ ಮದುವೆಯಲ್ಲಿ ಇದ್ದ ಕೆಮ್ಮು ಈಗ ಹೋಯಿತೇ ಎಂಬ ಪ್ರಶ್ನೆ ಬಂತು. ಹೋಯಿತು ಎಂದು ಅಜ್ಜಿ ಒಪ್ಪಿಕೊಂಡಳು. ದಸರೆಗೆ ಬನ್ನಿ ಎಲೆ ಕೊಡಲಿಕ್ಕೆ ಬಾ ಎಂದು ಅಕ್ಕ ಕರೆದಳು. ಅಜ್ಜಿಯ ಕಣ್ಣು ತುಂಬಿತು, ಆದರೆ ನಾಲಿಗೆ ತನ್ನ ಹಟ ಬಿಡಲಿಲ್ಲ.

"ಬರತೇನಿ. ನಮ್ಮ ಕಾರಿನಾಗ ಬರತೇನಿ. ಈ ಸಲ ಮೊದಲನೇ ಬನ್ನಿ ನಿನಗ. ಅದಕ್ಕೂ ಮೊದಲ ಯಾರಿಗೂ ಕೊಡೂದಿಲ್ಲ, ಯಾರ ಕಡಿಂದೂ ತಗೋಳೂದಿಲ್ಲ."

ಹೀಗೆ ಬಿಳಿ ಕುದುರೆಯ ಬೆನ್ನ ಮೇಲೆ ಒಂದು ವಂಶದ ಮರ್ಯಾದೆ ಬಂದು ಕುಳಿತಿತು.

ಕುದುರೆ ಮಾತ್ರ ಅದೇ ವಾರ ಮುಂದಿನ ಎಡಗಾಲಿನಲ್ಲಿ ಕಿರ್‍ರ್ ಎನ್ನತೊಡಗಿತು. ಓಣಿಯ ತಿರುವಿನಲ್ಲಿ ಕಾರು ಬಂದರೆ ನಾಯಿಗಳು ಎದ್ದು ಕೂರುತ್ತಿದ್ದವು. ಇಂಥ ಸಪ್ಪಳ ಮಾಡಿಕೊಂಡು ಅಕ್ಕನ ಬಾಗಿಲಿಗೆ ಹೋದರೆ, ಯಾರೋ ಬಿಟ್ಟ ಗಾಡಿ ತಂದಿದ್ದಾರೆ ಎಂದು ಆಕೆ ಮೊದಲ ನೋಟಕ್ಕೇ ಹೇಳುತ್ತಾಳೆ ಎಂದು ಅಜ್ಜಿ ಚಿಂತೆಗೆ ಬಿದ್ದಳು. ಕಾಕಾನ ಹೆಂಡತಿ ಶೈಲಾ ಕಾಕು ಬಸ್ ನಿಲ್ದಾಣದ ಹತ್ತಿರದ ಅಬ್ದುಲಸಾಬನ ಗ್ಯಾರೇಜಿಗೆ ಒಯ್ಯಿರಿ ಎಂದಳು. ಎಲ್ಲರಿಗೂ ಹೊಳೆಯುವ ಮಾತು ಅದು. ಅದಕ್ಕೇ ಕಾಕಾನಿಗೆ ಹಿಡಿಸಲಿಲ್ಲ. ಆತ ತಿಂಗಳಿಂದ ಫೋನಿನಲ್ಲಿ, ಮನೆಯಲ್ಲೇ ಕಾರು ದುರಸ್ತಿ ಮಾಡಿಕೊಳ್ಳಲು ಯಾವ ಯಾವ ಸಾಮಾನು ಇರಲೇಬೇಕು ಎಂಬ ವಿಡಿಯೋಗಳನ್ನು ನೋಡುತ್ತಿದ್ದ. ಅವುಗಳಲ್ಲಿ ಒಬ್ಬ ದಪ್ಪ ಮೀಸೆಯವನು ಇಡೀ ಇಂಜಿನ್ನನ್ನು ಕೆಳಗಿಳಿಸಿ, ಚಹಾ ಕುಡಿದು, ಮತ್ತೆ ಮೇಲೇರಿಸುತ್ತಿದ್ದ. ಆತನ ಅಂಗಿಗೆ ಒಂದು ಕಲೆಯೂ ಆಗುತ್ತಿರಲಿಲ್ಲ. ಕಾಕಾನಿಗೆ ತನ್ನಲ್ಲೂ ಅಂಥದೊಬ್ಬ ಮನುಷ್ಯ ಮಲಗಿದ್ದಾನೆ, ಎಬ್ಬಿಸುವುದಷ್ಟೇ ಬಾಕಿ ಎನ್ನಿಸಿತ್ತು.

ಎಬ್ಬಿಸಲು ಆತ ಇಳಕಲ್ಲಿಗೆ ಹೋದ. ಕಲ್ಲಿನ ಲಾರಿಗಳಿಗೆ ಸಾಮಾನು ಮಾರುವ ಅಂಗಡಿಯಲ್ಲಿ ಮಧ್ಯಾಹ್ನವಿಡೀ ಕಳೆದು, ಸಂಜೆ ಕಾರಿನ ಹಿಂಭಾಗ ನೆಲಕ್ಕೆ ತಾಗುವಷ್ಟು ಕಬ್ಬಿಣ ಹೇರಿಕೊಂಡು ಬಂದ. ಮೊದಲು ಇಳಿದದ್ದು ಜಾಕು. ಅದನ್ನು ನೋಡಿದರೆ ಗ್ರಾನೈಟಿನ ಗುಡ್ಡದ ಒಂದು ಮಗ್ಗುಲನ್ನು ಎತ್ತಿ ಕೆಳಗೆ ಏನಿದೆ ಎಂದು ಇಣುಕಿ ನೋಡಬಹುದಿತ್ತು. ಆಮೇಲೆ ಎತ್ತಿದ ಕಾರು ಕುಸಿಯದಂತೆ ತಡೆಯುವ ಕಬ್ಬಿಣದ ಸ್ಟ್ಯಾಂಡುಗಳು. ಗಾಲಿ ಉರುಳದಂತೆ ಇಡುವ ಅಡೆಗಟ್ಟಿಗಳು. ಅಪ್ಪ, ಅವ್ವ, ಮಕ್ಕಳು, ಮರಿಮಕ್ಕಳು ಎಂಬಂತೆ ದೊಡ್ಡದರಿಂದ ಸಣ್ಣದಕ್ಕೆ ಇಳಿಯುವ ಪಾನಾಗಳ, ಅಂದರೆ ಸ್ಪ್ಯಾನರುಗಳ, ಸಂಸಾರ. ಗಾಲಿಯ ನಟ್ಟು ಬಿಚ್ಚುವ ಅಡ್ಡ ಪಾನಾ. ಬಿಚ್ಚಿದ ನಟ್ಟು ಕಳೆಯದಂತೆ ಹಿಡಿದುಕೊಳ್ಳುವ ಅಯಸ್ಕಾಂತದ ಬಟ್ಟಲು. ಹಣೆಗೆ ಕಟ್ಟಿಕೊಳ್ಳುವ ದೀಪ. ಕೊನೆಗೆ ಒಂದು ಉದ್ದನೆಯ ಪಾನಾ. ನಟ್ಟು ಬೇಕಾದಷ್ಟು ಬಿಗಿಯಾದ ಕೂಡಲೇ ಅದು ಟಕ್ ಎಂದು ತಾನೇ ಹೇಳುತ್ತದಂತೆ. ಸಾಕಾದ ಕೂಡಲೇ ಸಾಕು ಅನ್ನುವಂಥದ್ದು ಒಂದಾದರೂ ಈ ಮನೆಗೆ ಬಂತಲ್ಲ ಎಂದು ಶೈಲಾ ಕಾಕು ಸಮಾಧಾನಪಟ್ಟಳು. ಅಷ್ಟರಲ್ಲಿ ಕಾಕಾ ಎಣ್ಣೆ ಹಿಡಿಯಲು ಆಕೆಯ ರೊಟ್ಟಿ ನಾದುವ ಪರಾತವನ್ನು ಎತ್ತಿಕೊಂಡು ಹೋಗಿದ್ದ.

ನವಮಿಯ ಬೆಳಿಗ್ಗೆ ಯುದ್ಧ ಆರಂಭವಾಯಿತು. ಕಾಕಾ ಹಾಡುಹಗಲಲ್ಲಿ ಹಣೆಗೆ ದೀಪ ಕಟ್ಟಿಕೊಂಡ. ಅಂಗಳದಲ್ಲಿ ಕಾರನ್ನು ಎತ್ತಿ, ಸ್ಟ್ಯಾಂಡಿನ ಮೇಲೆ ಕೂರಿಸಿ, ಎಡಗಾಲಿಯನ್ನು ಬಿಚ್ಚಿದ. ಒಳಗೆ ಗಾಲಿ ತಿರುಗುವ ಜಾಗದಲ್ಲಿ ಒಂದು ಸಣ್ಣ ಹರಳು ಸಿಕ್ಕಿಕೊಂಡಿತ್ತು. ಅದನ್ನು ಉಗುರಿನಿಂದ ಕಿತ್ತು, ಅಂಗೈ ಮೇಲಿಟ್ಟುಕೊಂಡು, ರಾಕ್ಷಸನ ಪ್ರಾಣ ಇರುವ ಗಿಳಿಯನ್ನು ಹಿಡಿದವನಂತೆ ಮನೆಮಂದಿಗೆಲ್ಲ ತೋರಿಸಿದ. ಇನ್ನು ಗಾಲಿ ಹಚ್ಚಿದರೆ ಮುಗಿಯಿತು. ಗಾಲಿ ಕೆಸರಾಗಿದೆ, ತೊಳೆದು ಹಚ್ಚೋಣ ಎಂದುಕೊಂಡ.

ಆ ಕ್ಷಣದಲ್ಲಿ ಅಜ್ಜಿ ಒಳಗಿನಿಂದ ಕೂಗಿ, ಪೂಜೆಗೆ ನಿನ್ನ ಸಾಮಾನನ್ನೂ ತಂದಿಡು ಎಂದಳು.

ನವಮಿಗೆ ಆಯುಧ ಪೂಜೆ, ನಮ್ಮ ಕಡೆ ಅದಕ್ಕೆ ಖಂಡೇ ಪೂಜೆ. ಮನೆಯಲ್ಲಿ ಕೆಲಸಕ್ಕೆ ಬರುವ ಕಬ್ಬಿಣವೆಲ್ಲ ಅಂದು ದೇವರು. ಪೂಜೆಗೆ ಇಟ್ಟದ್ದನ್ನು ಮರುದಿನ, ದಶಮಿಯ ಸಂಜೆ, ಬಂಗಾರವೆಂದು ಬನ್ನಿ ಎಲೆ ಕೊಟ್ಟು ತೆಗೆದುಕೊಂಡ ಮೇಲೆಯೇ ಎತ್ತಬೇಕು. ಅಲ್ಲಿಯವರೆಗೆ ಅದನ್ನು ಮುಟ್ಟುವ ಹಾಗಿಲ್ಲ. ನಮ್ಮ ಮನೆಯಲ್ಲಿ ಪ್ರತಿವರ್ಷ ಕೂರುತ್ತಿದ್ದದ್ದು ಈಳಿಗೆ, ಕತ್ತರಿ, ಕಾಕುವಿನ ಹೊಲಿಗೆ ಯಂತ್ರ. ಈ ಸಲ ಕಾಕಾನ ಕಬ್ಬಿಣವನ್ನು ನೋಡಲು ಓಣಿಯವರು ಕಾಂಪೌಂಡಿನ ಆಚೆ ಬಂದು ನಿಂತಿದ್ದರು. ನೋಡುವವರು ಇದ್ದಾರೆ ಎಂದ ಮೇಲೆ ಕಾಕಾ ತಡೆಯಲಾರದಾದ. ಅಂಗಳದಲ್ಲೇ ಜಮಖಾನೆ ಹಾಸಿದ. ಪಾನಾಗಳನ್ನು ಎತ್ತರದ ಪ್ರಕಾರ ನಿಲ್ಲಿಸಿದ. ನಟ್ಟುಗಳಿದ್ದ ಬಟ್ಟಲನ್ನು ನಡುವೆ ನೈವೇದ್ಯದಂತೆ ಇಟ್ಟ. ತೊಳೆದ ಗಾಲಿಯನ್ನು ಹಿಂದೆ ಗೋಡೆಗೆ ಒರಗಿಸಿದಾಗ ಅದು ಮೂರ್ತಿಯ ಹಿಂದಿನ ಪ್ರಭಾವಳಿಯಂತೆ ಒಪ್ಪಿತು. ಅಜ್ಜಿ ಎಲ್ಲಕ್ಕೂ ವಿಭೂತಿ ಎಳೆದು, ಕುಂಕುಮ ಹಚ್ಚಿ, ಚೆಂಡುಹೂವು ಏರಿಸಿದಳು. ಜಾಕು ಕಾರಿನಡಿ ಇತ್ತು. ಬಗ್ಗಿ ಅದಕ್ಕೂ ಹಚ್ಚಿದಳು. ಕಾರಿನ ಕನ್ನಡಿಯಿಂದ ಗೇಟಿನವರೆಗೆ ಮಾವಿನ ತೋರಣ ಕಟ್ಟಿದೆವು. ಕುಂಬಳಕಾಯಿ ಒಡೆದು, ನಿಂತವರಿಗೆಲ್ಲ ಪೇಡೆ ಹಂಚಿದೆವು.

ಪಕ್ಕದ ಮನೆಯ ಅಮಾತೆಪ್ಪ ಫೋನು ತೆಗೆದು ಫೋಟೋ ಹೊಡೆದ. ಬಸ್ಸಿನ ಕಂಡಕ್ಟರನಾಗಿ ನಿವೃತ್ತನಾದ ಆತ ಟಿಕೆಟ್ಟು ಹರಿದು ಕೊಡುತ್ತಿದ್ದ ಹಾಗೆಯೇ ಈಗ ಸುದ್ದಿಯನ್ನು ಮನೆಮನೆಗೂ ಹರಿದು ಕೊಡುತ್ತಿದ್ದ. ಯಾರನ್ನೂ ಖಾಲಿ ಕೈಯಲ್ಲಿ ಬಿಟ್ಟವನಲ್ಲ.

ಮಂಗಳಾರತಿಯ ತಟ್ಟೆ ತಣ್ಣಗಾದ ಮೇಲೆ ಕಾಕಾನ ಕಣ್ಣು ಕಾರಿನ ಮೇಲೆ ಬಿತ್ತು. ಅದು ಮೂರು ಗಾಲಿಯ ಮೇಲೆ ನಿಂತು ನಾಲ್ಕನೆಯದನ್ನು ಕೇಳುತ್ತಿತ್ತು.

"ಅವ್ವಾ," ಎಂದ ಕಾಕಾ ಮೆಲ್ಲಗೆ, "ಆ ಅಡ್ಡ ಪಾನಾ ಒಂದೀಟ ಕೊಡ."

"ದೇವರ ಮುಂದ ಇಟ್ಟದ್ದದು. ನಾಳೆ ಬನ್ನಿ ಕೊಟ್ಟ ಮ್ಯಾಲೆ ಎತ್ತೂದು."

"ಬನ್ನಿ ಎಲ್ಲಿ ಕೊಡಾವ್ರು ನಾವು?"

"ಬದಾಮ್ಯಾಗ. ಮೊದಲನೇದು ಅಕ್ಕಗ ಅಂತ ಹೇಳೇನಲ್ಲ."

"ಬದಾಮಿಗೆ ಹೆಂಗ ಹೋಗೂದು?"

"ನಮ್ಮ ಕಾರಿನಾಗ."

"ಕಾರಿಗೆ ಗಾಲಿ ಹೆಂಗ ಹಚ್ಚೂದು?"

"ಪಾನಾ ತಗೊಂಡ ಹಚ್ಚು."

"ಪಾನಾ ಕೊಡ ಹಂಗಾರ."

"ಬನ್ನಿ ಕೊಟ್ಟ ಮ್ಯಾಲೆ."

ಅಜ್ಜಿಯ ಕಥೆಗಳಲ್ಲಿ ಏಳು ಸಮುದ್ರದಾಚೆಯ ಗುಹೆಯ ಕೀಲಿಕೈ ಅದೇ ಗುಹೆಯೊಳಗೆ ಇರುತ್ತಿತ್ತು. ಅದನ್ನು ಕೇಳುವಾಗ ರಾಜಕುಮಾರನಿಗೆ ಏನನ್ನಿಸಿರಬಹುದು ಎಂದು ಯೋಚಿಸುತ್ತಿದ್ದೆ. ಈಗ ನೋಡಿದೆ. ರಾಜಕುಮಾರ ಕಟ್ಟೆಯ ಮೇಲೆ ಕೂತು, ಉಳಿದ ಪೇಡೆಗಳನ್ನೆಲ್ಲ ಒಂದೊಂದಾಗಿ ತಿಂದ. ಹಣೆಯ ದೀಪ ಇನ್ನೂ ಉರಿಯುತ್ತಿತ್ತು.

ಶೈಲಾ ಕಾಕು ಬಾಡಿಗೆ ಕಾರಿನ ಮಾತು ತೆಗೆದಳು. ಬಾಡಿಗೆ ಕಾರಿನಲ್ಲಿ ಬರುತ್ತೇನೆ ಎಂದು ತಾನು ಹೇಳಿಲ್ಲ ಎಂದಳು ಅಜ್ಜಿ. ಬಸ್ಸಿನ ಹೆಸರನ್ನು ಎತ್ತುವ ಧೈರ್ಯ ಯಾರಿಗೂ ಆಗಲಿಲ್ಲ.

ಗಾಲಿ, ನಟ್ಟು ಕಾರಿನ ಮೈಯೇ, ಅವು ಕಾರಿಗೆ ಮರಳಿದರೆ ದೇವರು ಮುನಿಯುವುದಿಲ್ಲ, ದುಡಿಯುವ ಪಾನಾ ಮಾತ್ರ ಬೇರೆ ಬೇಕು ಎಂದು ಲೆಕ್ಕ ಹಾಕಿ, ಕಾಕಾ ಪೂಜೆಯಾಗದ ಒಂದು ಪಾನಾ ಹುಡುಕಿಕೊಂಡು ಹೊರಟ. ನಾನೂ ಜೊತೆಗೆ ಹೋದೆ. ಸೈಕಲ್ ಅಂಗಡಿಯಲ್ಲಿ ಪಾನಾಗಳು ಹೂ ಮುಡಿದು ಕೂತಿದ್ದವು. ಪಂಪುಸೆಟ್ಟಿನ ಅಂಗಡಿಯಲ್ಲಿ ಹಣೆಗೆ ವಿಭೂತಿ ಇಟ್ಟುಕೊಂಡು ಕೂತಿದ್ದವು. ಕ್ಷೌರದ ಅಂಗಡಿಯಲ್ಲಿ ಕತ್ತರಿಯ ಪಕ್ಕ ಊದಿನಕಡ್ಡಿ ಉರಿಯುತ್ತಿತ್ತು. ಇಡೀ ಹುನಗುಂದದ ಕಬ್ಬಿಣ ಅಂದು ರಜೆ ಹಾಕಿತ್ತು.

ಕೊನೆಗೆ ಅಬ್ದುಲಸಾಬನ ಗ್ಯಾರೇಜು. ಆತ ಯಾವಾಗಲೂ ನಗುತ್ತ ಸ್ಟೂಲು ಎಳೆದು ಕೊಡುವ ಮನುಷ್ಯ. ಅಂದು ಎದ್ದೂ ನಿಲ್ಲಲಿಲ್ಲ.

"ಪೇಡೆ ಕೊಡಾಕ ಬಂದ್ರೇನ್ರಿ?" ಎಂದು ಕೇಳಿದ.

ಎಂಥ ಪೇಡೆ ಎಂದು ಕಾಕಾ ಕಣ್ಣು ಬಿಟ್ಟ. ಅಬ್ದುಲಸಾಬ ತನ್ನ ಫೋನನ್ನು ಮುಂದೆ ಹಿಡಿದ. ಅದರಲ್ಲಿ ನಮ್ಮ ಅಂಗಳ, ತೋರಣ, ಎತ್ತಿ ನಿಲ್ಲಿಸಿದ ಕಾರು, ಪಾನಾಗಳ ಸಾಲು, ನಡುವೆ ಹಣೆಗೆ ದೀಪ ಕಟ್ಟಿ ಕೈ ಮುಗಿದು ನಿಂತ ಕಾಕಾ. ಕೆಳಗೆ ಅಮಾತೆಪ್ಪನ ಬರಹ: ನಮ್ಮ ಓಣಿಯಲ್ಲಿ ವಿಜಯಮಹಾಂತೇಶ ಅವರ ನೂತನ ಗ್ಯಾರೇಜಿನ ಪ್ರಾರಂಭೋತ್ಸವ, ಸರ್ವರಿಗೂ ಆದರದ ಸ್ವಾಗತ.

ಇದು ಗ್ಯಾರೇಜಲ್ಲ, ಮನೆಯ ಪೂಜೆ ಎಂದು ಕಾಕಾ ಆಣೆ ಮಾಡಿ ಹೇಳಿದ. ಹೇಳಿ ಮುಗಿಸಿದ ಉಸಿರಿನಲ್ಲೇ ಒಂದು ಪಾನಾ ಇದ್ದರೆ ಕೊಡಿ ಎಂದೂ ಕೇಳಿಬಿಟ್ಟ.

"ಸಾಹೇಬರ, ಗ್ಯಾರೇಜ ನೀವ ತಗೀತೀರಿ, ಪಾನಾ ನನ್ನ ಹಂತೇಕ ಕೇಳ್ತೀರಿ. ಇದು ಯಾವ ನಮೂನಿ ಧಂದೆರಿ?" ಎಂದ ಅಬ್ದುಲಸಾಬ. ಆಮೇಲೆ, ತನ್ನ ಅಪ್ಪನ ಕಾಲದಿಂದಲೂ ಈ ಗ್ಯಾರೇಜಿನ ಪಾನಾಗಳು ಖಂಡೇ ಪೂಜೆಗೆ ಕೂರುತ್ತವೆ, ನಾಳೆ ಸಂಜೆಯವರೆಗೆ ತಾನೂ ಕೈ ಹಚ್ಚುವುದಿಲ್ಲ ಎಂದು ಹೇಳಿ ಮೂಲೆ ತೋರಿಸಿದ. ಅಲ್ಲಿಯ ಪಾನಾಗಳಿಗೆ ನಮ್ಮವಕ್ಕಿಂತ ದೊಡ್ಡ ಹಾರ ಹಾಕಿತ್ತು.

ನಾವು ಮನೆಗೆ ಬರುವಷ್ಟರಲ್ಲಿ ಗೇಟಿನ ಮುಂದೆ ಒಂದು ಮೊಪೆಡ್, ಒಂದು ಔಷಧಿ ಹೊಡೆಯುವ ಪಂಪು, ಒಂದು ಮಿಕ್ಸಿ ಬಂದು ಕೂತಿದ್ದವು. ಯಾರೋ ಬಿಟ್ಟು ಹೋಗಿದ್ದರು. ಅಂಗಳದಲ್ಲಿ ಕಾಕಾನ ಕಚೇರಿಯ ಮೇಲಧಿಕಾರಿ ನಾಗಲಿಂಗ ಸಾಹೇಬರು, ಕೈ ಹಿಂದೆ ಕಟ್ಟಿಕೊಂಡು, ಜಮಖಾನೆಯ ಸುತ್ತ ಪ್ರದಕ್ಷಿಣೆ ಹಾಕುತ್ತಿದ್ದರು.

"ಸರ್ಕಾರಿ ನೌಕರರು ಖಾಸಗಿ ಧಂದೆ ಮಾಡಬಾರದು," ಎಂದರು ಸಾಹೇಬರು. "ಗೊತ್ತದ ಅಲ್ರಿ ನಿಮಗ?"

ಕಾಕಾ ಬೆವರಿದ. ಇದು ಧಂದೆಯಲ್ಲ ಸರ್, ತಮ್ಮ ಸ್ವಂತ ಕಾರಿನ ಕೆಲಸಕ್ಕಷ್ಟೇ ತಂದದ್ದು ಎಂದು ವಿವರಿಸತೊಡಗಿದ. ಆಗಲೇ ಗೇಟಿನ ಹತ್ತಿರ ಒಬ್ಬ ಟ್ರ್ಯಾಕ್ಟರು ನಿಲ್ಲಿಸಿ, ಹೊಸ ಗ್ಯಾರೇಜು ಇದೇನಾ, ಪೂಜೆಯ ದಿನ ಬಂದರೆ ಏನಾದರೂ ಸೂಟು, ರಿಯಾಯಿತಿ ಇದೆಯಾ ಎಂದು ವಿಚಾರಿಸಿದ. ಸಾಹೇಬರ ಹುಬ್ಬು ಮೇಲೇರಿ ಅಲ್ಲೇ ನಿಂತಿತು. ಒಂದು ಕ್ಷಣ ಕಾಕಾನ ನೌಕರಿ ಜಾಕಿನ ಮೇಲಿದ್ದ ಕಾರಿನಂತೆ ತೂಗಾಡಿತು.

ಉಳಿಸಿದವಳು ಅಜ್ಜಿ. ಒಳಗಿನಿಂದ ನೀರಿನ ತಂಬಿಗೆ ಹಿಡಿದು ಬಂದು ಸಾಹೇಬರ ಮುಂದೆ ನಿಂತಳು.

"ಎಲ್ಲಿ ಗ್ಯಾರೇಜ್ರೀ ಯಪ್ಪಾ. ಇವಗ ಗಾಲಿ ತಗ್ಯಾಕ ಬರತೈತಿ, ಹಚ್ಚಾಕ ಬರೂದಿಲ್ಲ. ಮುಂಜಾನಿ ತಗದದ್ದು ಅಲ್ಲೇ ಕುಂತೈತಿ ನೋಡ್ರಿ. ಇಂಥಾವನ ಕೈಯಾಗ ಯಾರ ಗಾಡಿ ಕೊಡ್ತಾರ?"

ಸಾಹೇಬರು ಗಾಲಿಯನ್ನು ನೋಡಿದರು, ಕಾರನ್ನು ನೋಡಿದರು, ಕಾಕಾನ ಮುಖವನ್ನು ನೋಡಿದರು. ಮೂರೂ ಒಂದೇ ಸಾಕ್ಷಿ ಹೇಳಿದವು. ಸರ್ಕಾರಕ್ಕೆ ಇವನಿಂದ ಯಾವ ಅಪಾಯವೂ ಇಲ್ಲ ಎಂಬುದು ಅವರಿಗೆ ಮನವರಿಕೆಯಾಯಿತು. ನೀರು ಕುಡಿದು, ಪೇಡೆ ಮುಗಿದಿದೆ ಎಂದು ತಿಳಿದು ಸ್ವಲ್ಪ ಬೇಸರಪಟ್ಟು ಹೊರಟರು. ಗೇಟಿನ ಹತ್ತಿರ ತಿರುಗಿ, ದನಿ ತಗ್ಗಿಸಿ, ತಮ್ಮ ಸ್ಕೂಟರಿನ ಬ್ರೇಕು ಯಾಕೋ ಹಿಡಿಯುತ್ತಿಲ್ಲ, ಬನ್ನಿ ಮುಗಿದ ಮೇಲೆ ಸುಮ್ಮನೆ ಒಮ್ಮೆ ನೋಡಿ ಎಂದರು.

ದಶಮಿಯ ಬೆಳಗಾಯಿತು. ಕಾಕಾ ಮೊದಲ ಬಸ್ಸಿಗೆ ಇಳಕಲ್ಲಿಗೆ ಹೋಗಿ, ಹೊಸ ಸಾಮಾನು ಕೊಳ್ಳಲು ಒಳ್ಳೆಯ ದಿನವೆಂದು ಅಂಗಡಿಯವನು ಬಾಗಿಲು ತೆರೆಯುವುದನ್ನೇ ಕಾದು, ಇನ್ನೊಂದು ಅಡ್ಡ ಪಾನಾ ತಂದ. ಅದನ್ನು ಅಂಗಿಯೊಳಗೆ ಬಚ್ಚಿಟ್ಟುಕೊಂಡಿದ್ದ. ಅಂಗಳ ದಾಟುವಾಗ ಅದು ಹೊಟ್ಟೆಯಿಂದ ಜಾರಿ ಅಜ್ಜಿಯ ಕಾಲ ಬಳಿಯೇ ಬಿತ್ತು. ಅಜ್ಜಿ ಬೈಯಲಿಲ್ಲ. ಹಬ್ಬದ ದಿನ ಮನೆಗೆ ಹೊಸ ಕಬ್ಬಿಣ ಬಂತಲ್ಲ ಎಂದು ಸಂತೋಷದಿಂದ ಎತ್ತಿ, ವಿಭೂತಿ ಹಚ್ಚಿ, ಹೂವಿಟ್ಟು, ಜಮಖಾನೆಯ ಮೇಲೆ ಉಳಿದವುಗಳ ಪಕ್ಕ ಮಲಗಿಸಿದಳು. ಈಗ ನಮ್ಮಲ್ಲಿ ಎರಡು ಅಡ್ಡ ಪಾನಾಗಳಿದ್ದವು, ಎರಡೂ ದೇವರು.

ಆಮೇಲೆ ಅಜ್ಜಿ ಮೀಯಲು ಹೋದಳು. ಪೆಟ್ಟಿಗೆಯಿಂದ ಕೆಂಪು ಸೆರಗಿನ ಇಳಕಲ್ ಸೀರೆ ತೆಗೆದು ಉಟ್ಟಳು. ಅಮೀನಗಡದ ಕರದಂಟಿನ ಚೀಲ ಹಿಡಿದಳು. ಅದು ಅಕ್ಕನಿಗೆ ಇಷ್ಟವೆಂದು ಮೊದಲೇ ತರಿಸಿದ್ದು. ನೇರ ಅಂಗಳಕ್ಕೆ ಬಂದು, ಕಾರಿನ ಬಾಗಿಲು ತೆರೆದು, ಮುಂದಿನ ಸೀಟಿನಲ್ಲಿ ಕೂತಳು. ಗಾಲಿ ಇಲ್ಲದ ಕಡೆ ಎತ್ತಿ ನಿಲ್ಲಿಸಿದ್ದರಿಂದ ಕಾರು ಸ್ವಲ್ಪ ವಾಲಿತ್ತು, ಅಜ್ಜಿಯೂ ವಾಲಿದಳು. ಇಳಿ ಅಂದರೆ ಇಳಿಯಲಿಲ್ಲ, ಉಣ್ಣು ಅಂದರೆ ಉಣ್ಣಲಿಲ್ಲ. ಮುಂದಿನ ಗಾಜಿನಾಚೆ ನೋಡುತ್ತ ಕೂತೇ ಇದ್ದಳು. ಹೊತ್ತು ಏರಿತು, ಇಳಿಯತೊಡಗಿತು. ಓಣಿಯ ಹುಡುಗಿಯರು ಹೊಸ ಬಟ್ಟೆ ಹಾಕಿಕೊಂಡು ಬನ್ನಿ ತರಲು ಹೊರಟರು. ಕಾಕಾ ಜಮಖಾನೆಯ ಅಂಚಿನಲ್ಲಿ ಕುಕ್ಕರಗಾಲಿನಲ್ಲಿ ಕೂತು ಪಾನಾವನ್ನೇ ನೋಡುತ್ತಿದ್ದ. ಆತ ಕೈ ಚಾಚಿದ್ದನ್ನು ನಾನು ನೋಡಿದೆ. ಕಾರಿನತ್ತ ತಿರುಗಿ, ವಾಲಿ ಕೂತಿದ್ದ ಅವ್ವನನ್ನು ನೋಡಿ, ಕೈ ಹಿಂದೆ ತೆಗೆದುಕೊಂಡದ್ದನ್ನೂ ನೋಡಿದೆ. ಆ ಮಧ್ಯಾಹ್ನ ಆತನನ್ನು ನೋಡಿ ನಗು ಬರಲಿಲ್ಲ.

ಆಗ ಗೇಟು ಧಡಾರನೆ ತೆರೆಯಿತು. ಎತ್ತರದ ಮುದುಕಿಯೊಬ್ಬಳು, ಬಸ್ಸಿನ ಧೂಳು ಮೆತ್ತಿದ ಸೀರೆಯಲ್ಲಿ, ಉಡಿಯಲ್ಲಿ ಏನನ್ನೋ ಕಟ್ಟಿಕೊಂಡು ಒಳಗೆ ಬಂದಳು. ಹಿಂದೆ ರಾಜಶ್ರೀ, ನನ್ನ ಕಡೆ ನೋಡಿ, ನನ್ನ ತಪ್ಪಿಲ್ಲ ಎಂಬಂತೆ ಕೈ ಆಡಿಸಿದಳು. ಅಮಾತೆಪ್ಪನ ಫೋಟೋ ಹುನಗುಂದದಿಂದ ಬಾಗಲಕೋಟೆಗೆ, ಬಾಗಲಕೋಟೆಯಿಂದ ಬಾದಾಮಿಗೆ ಹೋಗಿ ಮುಟ್ಟಿತ್ತು.

"ಊರಿಗೆಲ್ಲಾ ಪೇಡೆ," ಎಂದಳು ಗುರುಲಿಂಗವ್ವ. "ಗ್ಯಾರೇಜ ತಗದು ತೋರಣಾ ಕಟ್ಟೀರಿ. ನನಗೊಂದ ಮಾತು ಹೇಳಬೇಕನ್ನೂದು ಯಾರ ಬಾಯಾಗೂ ಬರಲಿಲ್ಲ. ಎಲ್ಲಿದಾಳ ಆಕಿ?"

ಕಾಕಾ ಎದ್ದು, ದೊಡ್ಡವ್ವಾ ದೊಡ್ಡವ್ವಾ ಎಂದು ತೊದಲಿದ. ಆತನಿಂದ ಕೆಲಸವಾಗದು ಎಂದು ತಿಳಿದು ಶೈಲಾ ಕಾಕು ಮುಂದೆ ಬಂದಳು. ಗ್ಯಾರೇಜಿಲ್ಲ, ಗೀರೇಜಿಲ್ಲ, ಕಾರಿನ ಗಾಲಿ ಕಿರ್‍ರ್ ಅನ್ನುತ್ತಿತ್ತು, ಅಂಥ ಸಪ್ಪಳದೊಂದಿಗೆ ಅಕ್ಕನ ಬಾಗಿಲಿಗೆ ಹೋ‌ಗಬಾರದೆಂದು ಅತ್ತೆಯವರು ಅಂದರು, ಅದಕ್ಕೆ ಇವರು ಗಾಲಿ ತೆಗೆದರು, ತೆಗೆದದ್ದೆಲ್ಲ ಪೂಜೆಗೆ ಕೂತಿತು, ಮೊದಲ ಬನ್ನಿ ನಿಮಗೆ ಕೊಡುವವರೆಗೆ ಎತ್ತುವಂತಿಲ್ಲ, ಎತ್ತದೆ ನಿಮ್ಮ ಕಡೆ ಬರುವಂತಿಲ್ಲ ಎಂದು ಒಂದೇ ಉಸಿರಿಗೆ ಹೇಳಿ ಮುಗಿಸಿದಳು.

ಗುರುಲಿಂಗವ್ವ ಗೋಡೆಗೆ ಒರಗಿದ್ದ ಗಾಲಿಯನ್ನು ನೋಡಿದಳು. ಅದರ ವಿಭೂತಿಯನ್ನು ನೋಡಿದಳು. ಆಮೇಲೆ ಕಾರಿನೊಳಗೆ, ಶಾಲೆಗೆ ಹೊರಟ ಹುಡುಗಿಯಂತೆ ಚೀಲ ತಬ್ಬಿಕೊಂಡು, ಈ ಕಡೆ ತಿರುಗಲೂ ಒಲ್ಲದೆ ಕೂತಿದ್ದ ತಂಗಿಯನ್ನು ನೋಡಿದಳು. ಆಕೆಯ ಸಿಟ್ಟು ನಮ್ಮ ಕಣ್ಣೆದುರಿಗೇ ದಾರಿ ತಪ್ಪಿತು. ಹತ್ತಿರ ಹೋಗಿ ಕಿಟಕಿಗೆ ಬಗ್ಗಿದಳು. ಗಾಜು ಎಂದಿನಂತೆ ಕೆಳಗಿಳಿದದ್ದು ಮೇಲೇರಿರಲಿಲ್ಲ.

"ಜಾಗಾ ಐತೇನು?" ಎಂದು ಕೇಳಿದಳು.

ಗೋಡೆಯಾಚೆ ಅಮಾತೆಪ್ಪ ಕೂಡ ಫೋನು ಕೆಳಗಿಳಿಸಿದ. ಅಜ್ಜಿ ತಿರುಗದೆಯೇ, ಕರದಂಟಿನ ಚೀಲವನ್ನು ಒಂದು ಕೈಯಲ್ಲಿ ತಬ್ಬಿಕೊಂಡು, ಪಕ್ಕದ ಸೀಟಿನ ಧೂಳನ್ನು ಸೆರಗಿನಿಂದ ಒರೆಸಿದಳು.

ಗುರುಲಿಂಗವ್ವ ಸುತ್ತಿ ಬಂದು, ಚಾಲಕನ ಬಾಗಿಲು ತೆರೆದು, ಸ್ಟೇರಿಂಗಿನ ಹಿಂದೆ ಕೂತಳು. ಮೂರು ಗಾಲಿಯ ಕಾರಿನಲ್ಲಿ ಅಕ್ಕತಂಗಿಯರಿಬ್ಬರೂ ಒಂದೇ ಕಡೆ ವಾಲಿ, ಎಲ್ಲಿಗೂ ಹೋಗದೆ, ಸ್ವಲ್ಪ ಹೊತ್ತು ಹಾಗೇ ಕೂತಿದ್ದರು. ಆಮೇಲೆ ಗುರುಲಿಂಗವ್ವ ಉಡಿ ಬಿಚ್ಚಿದಳು. ಒಳಗೆ ಬನ್ನಿ ಎಲೆ ಇತ್ತು. ಜಗಳಕ್ಕೆ ಬಂದವಳು ಅದನ್ನು ಮರೆಯದೆ ತಂದಿದ್ದಳು.

ಇನ್ನೂ ಹೊತ್ತು ಮುಳುಗಿಲ್ಲವಲ್ಲ, ಈಗಲೇ ಕೊಡಬಹುದೇ ಎಂದು ಅಜ್ಜಿ ಮೆಲ್ಲಗೆ ಕೇಳಿದಳು.

"ನಾ ಹಿರ್ಯಾಕಿ," ಎಂದಳು ಅಕ್ಕ. "ನಾ ಅಂದದ್ದ ಹೊತ್ತು. ಹಿಡಿ ಬಂಗಾರ."

ಅಜ್ಜಿ ಬನ್ನಿ ಹಿಡಿದು ಅಕ್ಕನ ಕಾಲು ಮುಟ್ಟಲು ಬಗ್ಗಿದಳು. ನಡುವೆ ಗೇರಿನ ಕಡ್ಡಿ ಅಡ್ಡ ಬಂದು ಮೊಳಕಾಲನ್ನಷ್ಟೇ ಮುಟ್ಟಿದಳು, ಅಷ್ಟು ಸಾಕಾಯಿತು. ಆಮೇಲೆ ಇಬ್ಬರೂ ಸೆರಗಿನಿಂದ ಕಣ್ಣು ಒರೆಸಿಕೊಂಡು, ಕಾರಿನಲ್ಲಿ ಭಾಳ ಧೂಳಿದೆ ಎಂದು ಕಾಕಾನ ಮೇಲೆ ಹಾಕಿದರು.

ಕಾಕಾ ಆಗಲೇ ಅಡ್ಡ ಪಾನಾ ಎತ್ತಿದ್ದ. ಅದನ್ನು ಆತ ಕಣ್ಣಿಗೆ ಒತ್ತಿಕೊಂಡ ರೀತಿಯಲ್ಲಿ ಭಕ್ತಿಗಿಂತ ಬಿಡುಗಡೆಯೇ ಹೆಚ್ಚಿತ್ತು. ಅಷ್ಟರಲ್ಲಿ ಬನ್ನಿ ಕೊಡಲು ಬಂದ ಅಬ್ದುಲಸಾಬ ಗೇಟಿನಲ್ಲಿ ನಿಂತು, ಗ್ಯಾರೇಜಿನ ಮಾಲೀಕ ಒಂದು ಗಾಲಿಯೊಂದಿಗೆ ಗುದ್ದಾಡುವುದನ್ನು ನೋಡಿ, ಎರಡು ದಿನದಿಂದ ಎದೆಯ ಮೇಲಿದ್ದ ಭಾರ ಇಳಿದವನಂತೆ ನಕ್ಕ. ಕೈ ಹಚ್ಚಲೇ ಎಂದು ಕೇಳಿದ. ಕಾಕಾ ಬೇಡ ಎಂದು ತಲೆ ಅಲ್ಲಾಡಿಸಿದ. ನಟ್ಟುಗಳನ್ನು ಕುಂಕುಮದ ಸಮೇತ ಕೂರಿಸಿ, ಜಾಕು ಇಳಿಸಿ, ಉದ್ದನೆಯ ಪಾನಾದಿಂದ ಒಂದೊಂದನ್ನೇ ಬಿಗಿದ. ಟಕ್ ಎಂದಿತು. ಅಂಗಳದಲ್ಲಿದ್ದವರೆಲ್ಲ ಒಮ್ಮೆಲೇ ಉಸಿರು ಬಿಟ್ಟರು.

ಮುಂದಿನ ಸೀಟಿಗೆ ಯಾರು ಎಂಬ ಜಗಳ ಹುಟ್ಟಿತು. ನೀ ಹಿರಿಯಳು ಎಂದು ಒಬ್ಬಳು, ನಿನ್ನ ಕಾರು ಎಂದು ಇನ್ನೊಬ್ಬಳು. ಕೊನೆಗೆ ಇಬ್ಬರೂ ಹಿಂದೆ ಕೂತರು, ಶೈಲಾ ಕಾಕು ಮುಂದೆ ಕೂತಳು, ನಾನು ಮತ್ತು ರಾಜಶ್ರೀ ಎರಡು ಮೂಲೆಗಳಲ್ಲಿ ಕರದಂಟಿನ ಚೀಲಗಳಂತೆ ತುರುಕಿಕೊಂಡೆವು. ವಿಭೂತಿ ಬಳಿದ ಗಾಲಿ ಅಮೀನಗಡ ದಾಟಿತು, ಪಟ್ಟದಕಲ್ಲಿನ ಹತ್ತಿರ ಮಲಪ್ರಭೆ ದಾಟಿತು. ಗಾಲಿ ಕಿರ್‍ರ್ ಎನ್ನುತ್ತಿತ್ತೋ ಇಲ್ಲವೋ ಯಾರಿಗೂ ಗೊತ್ತಾಗಲಿಲ್ಲ. ಹಿಂದೆ ಅಕ್ಕತಂಗಿಯರು ಇಷ್ಟು ವರ್ಷಗಳ ಮಾತನ್ನು ಹುನಗುಂದದಿಂದ ಬಾದಾಮಿಯೊಳಗೆ ಮುಗಿಸಲು ಹೊರಟಿದ್ದರು.

ಬಾದಾಮಿಯ ಬಂಡೆಗಳ ಮೇಲೆ ಕೊನೆಯ ಬಿಸಿಲು ಇತ್ತು. ಮನೆಯ ಓಣಿಯ ತಿರುವಿಗೆ ಬಂದಾಗ ಗುರುಲಿಂಗವ್ವ ಕಾರು ನಿಲ್ಲಿಸು ಎಂದಳು. ಏನಾಯಿತೆಂದು ಕಾಕಾ ಗಾಬರಿಯಾಗಿ ನಿಲ್ಲಿಸಿದ. ಆಕೆ ಇಳಿದು, ಯಾರಿಗೂ ಏನೂ ಹೇಳದೆ, ಮುಂದೆ ಮುಂದೆ ನಡೆದು ಹೋದಳು. ಮನೆಯ ಬೀಗ ತೆಗೆದಳು. ಒಳಗೆ ಹೋದಳು. ಬಾಗಿಲು ಹಾಕಿಕೊಂಡಳು.

ತುಳಸಿಗೇರಿಯಲ್ಲಿ ತಾನಾಡಿದ ಮಾತು ಅಕ್ಕನಿಗೂ ನೆನಪಿದೆ ಎಂದು ಅಜ್ಜಿ ಮಾತ್ರ ತಿಳಿದುಕೊಂಡಳು. ಸೆರಗು ಸರಿ ಮಾಡಿಕೊಂಡು, ಹಿಂದಿನ ಸೀಟಿನಿಂದ ಇಳಿದು, ಮುಂದಿನ ಸೀಟಿಗೆ ಬಂದು ಕೂತಳು. ಶೈಲಾ ಕಾಕು ಹಿಂದೆ ಬಂದಳು.

"ಹೊಡಿ," ಎಂದಳು ಅಜ್ಜಿ.

ಬಿಳಿ ಕುದುರೆ ಮೆಲ್ಲಗೆ ಓಣಿಯಲ್ಲಿ ನಡೆದು, ಮುಚ್ಚಿದ ಬಾಗಿಲ ಮುಂದೆ ಬಂದು ನಿಂತಿತು. ಕಾಕಾ ಹಾರ್ನು ಒತ್ತಿದ. ಅಜ್ಜಿ ಬಾಗಿಲು ತೆರೆದು, ಒಂದು ಕಾಲು ಕೆಳಗಿಟ್ಟು, ಇನ್ನೊಂದನ್ನು ನಿಧಾನವಾಗಿ ಕೆಳಗಿಟ್ಟು, ನೆಟ್ಟಗೆ ನಿಂತಳು. ಅಕ್ಕಪಕ್ಕದವರು ನೋಡಲು ಬೇಕಾದಷ್ಟು ಹೊತ್ತು ಕೊಟ್ಟಳು.

ಆಗ ಮನೆಯ ಬಾಗಿಲು ತೆರೆಯಿತು. ಕಾಲಿಗೆ ನೀರು ಹಿಡಿದು ಗುರುಲಿಂಗವ್ವ ನಿಂತಿದ್ದಳು. ಕಾರನ್ನು ಅದೇ ಮೊದಲ ಸಲ ನೋಡಿದವಳಂತೆ ಗಾಲಿಯಿಂದ ಕನ್ನಡಿಯವರೆಗೆ ಕಣ್ಣಾಡಿಸಿ, ಗಲ್ಲದ ಮೇಲೆ ಕೈ ಇಟ್ಟುಕೊಂಡಳು.

"ಯವ್ವಾ ಶಿವಲಿಂಗಿ, ಬಂದಿ? ನಿಮ್ಮ ಗಾಡಿ ಬಂದದ್ದ ಗೊತ್ತಾಗಲಿಲ್ಲ ನೋಡ, ಒಂದೀಟೂ ಸಪ್ಪಳಿಲ್ಲ."

ಅಜ್ಜಿ ಕಾಲು ತೊಳೆದುಕೊಂಡು ಹೊಸ್ತಿಲು ತುಳಿದಳು.